ಬಲಗಡೆ ಉಳಿದುಹೋದ ಜವಾಬು

ಹಾಡನ್ನು ಮೋನೋದಲ್ಲಿ ತುಂಬಬೇಕೋ ಸ್ಟೀರಿಯೋದಲ್ಲಿ ತುಂಬಬೇಕೋ ಎಂದು ಯಾರಾದರೂ ಕೇಳಿದರೆ, ನಾನು ಹಾಡು ಯಾವುದೆಂದು ವಿಚಾರಿಸುವುದಿಲ್ಲ. ಕೇಳುವವರು ಎಲ್ಲಿ ಕೂತಿರುತ್ತಾರೆ, ಅವರ ಮುಂದೆ ಸ್ಪೀಕರ್ ಎಷ್ಟಿವೆ, ಅವುಗಳ ತಂತಿ ಎಲ್ಲಿಂದ ಬಂದಿದೆ ಎಂದು ವಿಚಾರಿಸುತ್ತೇನೆ. ಇದು ಓದಿ ಬಂದ ಬುದ್ಧಿಯಲ್ಲ. ಹಮ್ಮಿಗಿಯ ಒಬ್ಬ ಗೀಗೀ ಪದದ ಹಾಡುಗಾರ್ತಿ ನನ್ನ ಅಂಗಡಿಗೆ ಜಗಳ ತೆಗೆದುಕೊಂಡು ಬಂದ ದಿನ ಬಂದದ್ದು. ಅದನ್ನು ಹೇಳುವ ಮೊದಲು ಅಂಗಡಿಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಇಲ್ಲದಿದ್ದರೆ ಆಕೆ ಯಾಕೆ ನನ್ನ ಮೇಲೆಯೇ ಏರಿ ಬಂದಳು ಎನ್ನುವುದು ತಿಳಿಯುವುದಿಲ್ಲ.

ನಮ್ಮ ಅಬ್ಬಾ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮನೆಮನೆಗೆ ಸ್ಟೀಲು ಬಂದ ಮೇಲೆ ಆ ಕಸುಬು ತಾನಾಗಿಯೇ ನಿಂತಿತು. ನಾನು ಸೈಕಲ್ಲಿನ ಹಿಂದೆ ಕ್ಯಾಸೆಟ್ಟಿನ ಪೆಟ್ಟಿಗೆ ಕಟ್ಟಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸಂತೆಗಳನ್ನು ತಿರುಗಿದೆ. ಮಾತು ಮತ್ತು ತಾಳ್ಮೆ, ಇದ್ದ ಬಂಡವಾಳ ಇಷ್ಟೇ. ವ್ಯಾಪಾರಕ್ಕೆ ಇಳಿಯುವವರಿಗೆ ಈಗಲೂ ಒಂದು ಮಾತು ಹೇಳುತ್ತೇನೆ: ಗಿರಾಕಿ ಎದ್ದು ಹೊರಟ ಕೂಡಲೇ ಕೂಗಿ ಕರೆಯಬೇಡಿ. ಎಡಗಾಲಿಗೆ ಚಪ್ಪಲಿ ಮೆಟ್ಟಲಿ, ಬಲಗಾಲಿಗೂ ಮೆಟ್ಟಲಿ. ಆಮೇಲೂ ತಿರುಗಿ ನೋಡಿದರೆ ಆಗ ಕರೆಯಿರಿ. ಕೊಳ್ಳುವ ಮನಸ್ಸು ಅವನಿಗೇ ಇದೆ ಎಂದು ಆಗ ಖಾತ್ರಿಯಾಗುತ್ತದೆ.

ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಊರಿಗೆ ಕಚೇರಿಗಳು ಬಂದವು, ಅವುಗಳ ಬೆನ್ನಿಗೆ ಕಂಪ್ಯೂಟರುಗಳು ಬಂದವು. ಹಳೆಯದಾಯಿತೆಂದು ಒಬ್ಬರು ಮಾರಿದ ಕಂಪ್ಯೂಟರನ್ನು ಚೌಕಾಸಿ ಮಾಡಿ ತಂದು ಬೆಟಗೇರಿಯ ಅಂಗಡಿಯಲ್ಲಿಟ್ಟೆ. ಮುಂದೆ ಕ್ಯಾಸೆಟ್ ಹೋಗಿ ಪೆನ್‌ಡ್ರೈವ್ ಬಂತು, ಮೊಬೈಲಿನ ಮೆಮರಿ ಕಾರ್ಡು ಬಂತು. ಅದಕ್ಕೆ ನಮ್ಮ ಕಡೆ ಚಿಪ್ಪು ಎನ್ನುತ್ತಾರೆ. ಜನ ಚಿಪ್ಪು ತಂದುಕೊಡುತ್ತಿದ್ದರು, ನಾನು ಹಾಡು ತುಂಬಿ ಕೊಡುತ್ತಿದ್ದೆ. ಆಗಿನ ಚಿಪ್ಪು ಸಣ್ಣದು, ಗಿರಾಕಿಯ ಆಸೆ ದೊಡ್ಡದು. "ಇನ್ನೊಂದ ನಾಲ್ಕು ಪದ ತುರುಕ್ರಿ" ಎನ್ನದೆ ಯಾರೂ ಎದ್ದವರಲ್ಲ. ತುರುಕಬೇಕೆಂದರೆ ಹಾಡನ್ನು ಹಿಂಡಿ ಸಣ್ಣದು ಮಾಡಬೇಕು. ಹಿಂಡುವ ಸಾಫ್ಟ್‌ವೇರು ಪ್ರತಿ ಸಲವೂ ಕೇಳುತ್ತಿತ್ತು: ಮೋನೋನೋ, ಸ್ಟೀರಿಯೋನೋ, ಜಾಯಿಂಟ್ ಸ್ಟೀರಿಯೋನೋ?

ನನಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ತುಂಬಿ ನೋಡಿ, ಕೇಳಿ ನೋಡಿ ಕಲಿತೆ. ನಮ್ಮ ಓಣಿಯ ನೇಕಾರರಿಗೆ ಹೀಗೆ ವಿವರಿಸುತ್ತಿದ್ದೆ: ನಿಮ್ಮ ಬಳಿ ಇಷ್ಟೇ ನೂಲು ಇದೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಒಂದು ಸೀರೆ ನೇಯ್ದರೆ ಗಟ್ಟಿ ಬರುತ್ತದೆ. ಅದೇ ನೂಲಿನಲ್ಲಿ ಎರಡು ನೇಯ್ದರೆ ಎರಡೂ ಜಾಳು. ಮೋನೋ ಎಂದರೆ ಎಲ್ಲ ದನಿಗೂ ಒಂದೇ ದಾರಿ, ಅದು ಒಂದು ಸೀರೆ. ಸ್ಟೀರಿಯೋ ಎಂದರೆ ಎಡಕ್ಕೊಂದು, ಬಲಕ್ಕೊಂದು ದಾರಿ, ಅದು ಎರಡು. ಸೆಕೆಂಡಿಗೆ ಅರವತ್ನಾಲ್ಕು ಕಿಲೋಬಿಟ್ಟಿನ ಅಳತೆಯಲ್ಲಿ ಮೋನೋ ಮಾಡಿದರೆ ಪದದ ಒಂದೊಂದು ಮಾತೂ ಸ್ವಚ್ಛ. ಅದೇ ಅಳತೆಯಲ್ಲಿ ಸ್ಟೀರಿಯೋ ಮಾಡಿದರೆ ತಾಳದ ಕಿಣಿಕಿಣಿ ನೀರೊಳಗಿಂದ ಗುಳುಗುಳು ಎಂದಂತೆ ಬರುತ್ತದೆ, ಮಾತು ಕಲಸಿಹೋಗುತ್ತದೆ. ಸ್ಟೀರಿಯೋ ಚೆನ್ನಾಗಿಯೇ ಬೇಕೆಂದರೆ ಅಳತೆಯನ್ನು ಇಮ್ಮಡಿ ಮಾಡಬೇಕು, ಆಗ ಚಿಪ್ಪಿನಲ್ಲಿ ಜಾಗವೂ ಇಮ್ಮಡಿ ಹೋಗುತ್ತದೆ. ಜಾಯಿಂಟ್ ಎನ್ನುವುದು ಕೂಡುಕುಟುಂಬದ ಲೆಕ್ಕ. ಎಡಕ್ಕೂ ಬಲಕ್ಕೂ ಒಂದೇ ಇರುವುದನ್ನು ಒಮ್ಮೆ ಮಾತ್ರ ಇಟ್ಟುಕೊಂಡು, ಬೇರೆ ಇರುವಷ್ಟನ್ನು ಪಕ್ಕಕ್ಕೆ ಇಡುತ್ತದೆ. ಎರಡು ಕಡೆಯವರೂ ಪೂರ್ತಿ ಬೇರೆಯೇ ಆಗಿದ್ದರೆ ಅದರಿಂದ ಉಳಿತಾಯವೇನೂ ಇಲ್ಲ.

ಇನ್ನು ಕೇಳುವವರು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವನು ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸುತ್ತಾನೆ. ಇನ್ನೊಂದು ಕಿವಿ ಲಾಳಿಯ ಸದ್ದಿಗೆ ಬೇಕು. ಮೋಟರ್‌ಸೈಕಲ್ಲಿನವನದೂ ಒಂದೇ ಕಿವಿ. ಟ್ರ್ಯಾಕ್ಟರಿಗೆ ಒಂದೇ ಸ್ಪೀಕರ್ ಬಾಕ್ಸು. ಗುಡಿಯ ಮೇಲಿನ ಹಾರ್ನು, ಮಸೀದಿಯ ಮೇಲಿನ ಹಾರ್ನು ಎಷ್ಟಿದ್ದರೂ ದನಿ ಒಂದೇ. ಜಿಲ್ಲೆಯ ಮುಕ್ಕಾಲು ಜನ ಒಂಟಿ ಕಿವಿಯಲ್ಲಿ ಕೇಳುತ್ತಿದ್ದರು, ಆದರೆ ಕೊಳ್ಳುವಾಗ ಮಾತ್ರ ಎಲ್ಲರಿಗೂ ಸ್ಟೀರಿಯೋ ಎಂಬ ಚೀಟಿ ಬೇಕು. "ಮೋನೋ ಅಂದ್ರ ಹಳೇ ರೇಡಿಯೋ ಅಲ್ಲೇನ್ರಿ?" ಎಂದು ಮುಖ ಸಿಂಡರಿಸುತ್ತಿದ್ದರು. ನಾನು ವಾದಕ್ಕೆ ಇಳಿಯುತ್ತಿರಲಿಲ್ಲ. ಗಿರಾಕಿಯ ಕೂಡ ವಾದ ಗೆದ್ದರೆ ಗಿರಾಕಿ ಹೋಗುತ್ತಾನೆ.

ಗೀಗೀ ಪದ ಗೊತ್ತಿಲ್ಲದವರಿಗೆ ಒಂದು ಮಾತು. ಗಂಡಿನ ಮೇಳ, ಹೆಣ್ಣಿನ ಮೇಳ ಎದುರುಬದುರು ನಿಂತು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲಿಯೇ ಜಗಳವಾಡುತ್ತವೆ. ಕೈಯಲ್ಲಿ ಹಿಡಿದು ಬಡಿಯುವ ದಪ್ಪು, ಒಂಟಿ ತಂತಿಯ ತುಂತುಣಿ, ತಾಳ ಇಷ್ಟೇ ವಾದ್ಯ. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಆಗಿಂದಾಗಲೇ ಜವಾಬು ಕೊಡಬೇಕು. ಕೊಡದಿದ್ದರೆ ಆ ಮೇಳದ ಬಾಯಿ ಕಟ್ಟಿತು ಎನ್ನುತ್ತಾರೆ. ಹಾಡಿಸುವ ಊರಿನ ಹಿರಿಯರು ಮೊದಲೇ ಎರಡೂ ಮೇಳದವರ ಕೈಗೆ ಎಲೆ, ಅಡಿಕೆ, ಕಾಯಿ ಕೊಟ್ಟು ಮಾತು ಪಕ್ಕಾ ಮಾಡಿಕೊಳ್ಳುವುದು ರೂಢಿ. ಅದಕ್ಕೆ ವೀಳ್ಯ ಎನ್ನುತ್ತಾರೆ. ಬಾಯಿ ಕಟ್ಟಿದ ಮೇಳಕ್ಕೆ ಮುಂದೆ ವೀಳ್ಯ ಹೋಗುವುದಿಲ್ಲ. ಕಾಗದ ಪತ್ರ ಏನೂ ಇಲ್ಲ, ಆದರೆ ಆ ಎಲೆಯಷ್ಟು ಗಟ್ಟಿ ಕರಾರು ನಾನು ಕಂಡಿಲ್ಲ.

ಹೊಳೆದಂಡೆಯ ಹಮ್ಮಿಗಿಯ ಈ ಹಾಡುಗಾರ್ತಿಗೂ ಅಂತೂರ ಬೆಂತೂರಿನ ಒಬ್ಬ ಹಾಡುಗಾರನಿಗೂ ಬಹಳ ವರ್ಷಗಳ ಜೋಡಿ. ಗದಗಿನಲ್ಲಿ ರೆಕಾರ್ಡಿಂಗ್ ಕೋಣೆ ಇಟ್ಟುಕೊಂಡಿದ್ದ ಒಬ್ಬರು ಇಬ್ಬರ ಮೇಳಗಳನ್ನೂ ಕರೆಸಿ ಧ್ವನಿಮುದ್ರಣ ಮಾಡಿದರು. ಹಿಂಡಿ ಸಣ್ಣದು ಮಾಡಿ ಮಾರುವ ಕೆಲಸ ನನಗೆ ಕೊಟ್ಟರು. ಅವರದು ಒಂದೇ ಷರತ್ತು: ಸ್ಟೀರಿಯೋದಲ್ಲಿಯೇ ಇರಬೇಕು. ನಾನು ಹಾಗೆಯೇ ಮಾಡಿದೆ. ಜೋರಾಗಿ ಹೋಯಿತು. ಮುಂಡರಗಿ ರಸ್ತೆಯಲ್ಲಿ ಯಾವ ಟ್ರ್ಯಾಕ್ಟರ್ ಬಂದರೂ ಅದೇ ಪದ.

ಹೀಗಿರುವಾಗ ಒಂದು ಮುಂಜಾನೆ ಆಕೆ ತನ್ನ ಹಿಮ್ಮೇಳದಾಕೆಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ನನಗಿಂತ ಹಿರಿಯಳು. ಸಂತೆಯ ದಿನಗಳಿಂದ ಗುರುತು.

"ಬರ್ರಿ ಅಕ್ಕಾರ, ಕುಂಡ್ರಿ. ಚಾ ತರಸ್ತೀನಿ."

"ಚಾ ಇರ್ಲಿ ತಮ್ಮಾ. ನನ್ನ ಜವಾಬ ಎಲ್ಲಿಟ್ಟೀ, ಅದನ್ನ ತಗಿ."

"ಯಾವ ಜವಾಬ?"

"ಬಾವಿ ಹಗ್ಗದ ಜವಾಬ. ಚಿಪ್ಪಿನ್ಯಾಗ ಜಾಗಾ ಸಾಲಲಿಲ್ಲಂತ ಕತ್ತರಿ ಆಡಿಸಿಯಲ್ಲ, ಅದು."

ಹಿಮ್ಮೇಳದಾಕೆ ಹಿಂದಿನಿಂದ ಸೇರಿಸಿದಳು. "ಕತ್ತರಸೋದ ಇತ್ತಂದ್ರ ಗಂಡಸರದೂ ಒಂದೀಟು ಕತ್ತರಸಬೇಕಿತ್ತು ಬಿಡು. ಹೆಣಮಕ್ಕಳದಷ್ಟ ಕಣ್ಣಿಗೆ ಬಿತ್ತೇನು?"

ನಾನು ಯಾರ ಪದಕ್ಕೂ ಕತ್ತರಿ ಹಾಕಿಲ್ಲ ಎಂದೆ. ಆಕೆ ನಂಬಲಿಲ್ಲ. ಆಕೆ ಹೇಳಿದ್ದು ಇಷ್ಟು: ಲಕ್ಷ್ಮೇಶ್ವರ ದಾಟಿದ ಮೇಲೆ ಒಂದು ಊರಿದೆ. ಪ್ರತಿ ವರ್ಷ ಹೋಳಿ ಹುಣ್ಣಿಮೆಗೆ ಅಲ್ಲಿ ಇವರ ಜೋಡಿಯದೇ ಪದ. ಈ ಸಲ ಅಂತೂರಿನವನಿಗೆ ವೀಳ್ಯ ಹೋಗಿದೆ, ಇವಳದು ನಿಂತಿದೆ. ಊರ ಗೌಡರ ಟ್ರ್ಯಾಕ್ಟರಿನಲ್ಲಿ ದಿನವೂ ಈ ಪದ ಹಾಕುತ್ತಾರೆ, ಬಾವಿಯ ಸವಾಲಿಗೆ ಆಕೆ ತುಟಿ ಬಿಚ್ಚುವುದಿಲ್ಲ, ಊರೆಲ್ಲ ಕಿವಿಯಾರೆ ಕೇಳಿದೆ.

"ಮುಂಡರಗಿ ಸಂತ್ಯಾಗ ಕಾಯಿಪಲ್ಲೆ ಮಾರೋರೂ ಕೇಳ್ತಾರ, ಹಗ್ಗ ಸಿಕ್ಕಿತೇನಬೇ ಅಂತ," ಆಕೆ ಹೇಳಿದಳು. "ಶಿವರಾತ್ರಿ ಅಮಾಸಿ ಒಳಗ ವೀಳ್ಯ ಬರಲಿಲ್ಲಂದ್ರ ಗೌಡ್ರು ಬ್ಯಾರೆ ಮ್ಯಾಳಕ್ಕ ಕೊಡ್ತಾರ. ಆ ಊರು ಬಿಟ್ಟರ ಸುತ್ತಲ ಊರೂ ಬಿಟ್ಟಂಗ. ನನ್ನ ಮ್ಯಾಳ ಮುರೀತೈತಿ ತಮ್ಮಾ. ಇಷ್ಟು ವರ್ಷ ಒಂದ ಸವಾಲಿಗೂ ನಾ ಬಾಯಿ ಕಟ್ಟಿದಾಕಿ ಅಲ್ಲ."

ನಾನು ಕಂಪ್ಯೂಟರಿನಲ್ಲಿ ಆ ಪದ ಹಾಕಿದೆ. ನನ್ನ ಅಂಗಡಿಯಲ್ಲಿ ಆ ಗೋಡೆಗೊಂದು ಈ ಗೋಡೆಗೊಂದು ಬಾಕ್ಸು. ಎಡಗಡೆಯಿಂದ ಅಂತೂರಿನವನ ದನಿ ಬಂತು:

ಬಾವಿ ಎಷ್ಟು ಆಳಿದ್ರೇನು, ಹಗ್ಗ ನಾನು ಇಳಿಯದ ಹೊರತು
ತಳದ ನೀರು ತಳದಾಗ, ಯಾರ ಬಾಯಿಗೆ ಬಂದೀತು?

ದಪ್ಪು ಒಂದು ಸುತ್ತು ಬಡಿಯಿತು. ಬಲಗಡೆಯಿಂದ ಇವಳ ದನಿ, ಗಂಟೆಯ ಹಾಗೆ:

ಹೊಳಿ ದಂಡಿಯಾಕಿ ನಾನು, ಹಗ್ಗದ ಹಂಗ ನನಗಿಲ್ಲ
ಬಗ್ಗಿದ್ರ ಬೊಗಸಿ ತುಂಬತೈತಿ, ಹೋಗಿ ಎತ್ತ ಕಟ್ಟಲ್ಲ!

ಆ ಹಗ್ಗ ಎತ್ತು ಕಟ್ಟಲಷ್ಟೇ ಸಾಕು ಎಂಬ ಕುಟುಕಿಗೆ ಹಿಮ್ಮೇಳದಾಕೆ, ತಾನೂ ದನಿಗೂಡಿಸಿದ್ದವಳು, ಫಕ್ಕನೆ ನಕ್ಕಳು. ಆಕೆ ಮಾತ್ರ ನಗಲಿಲ್ಲ. "ಇಲ್ಲಿ ಐತಿ. ಅಲ್ಲಿ ಯಾಕಿಲ್ಲ?" ಎಂದಳು. ಅದು ಸರಿಯಾದ ಪ್ರಶ್ನೆ. ಜಗಳಕ್ಕೆ ಬಂದವರ ಮಾತಿನಲ್ಲಿ ಸಿಟ್ಟು ತೆಗೆದು ಪ್ರಶ್ನೆಯನ್ನು ಮಾತ್ರ ಹಿಡಿದುಕೊಂಡರೆ ಅರ್ಧ ಕೆಲಸ ಆದಂತೆ. ಪೆನ್‌ಡ್ರೈವಿಗೆ ಅದೇ ಪದ ಹಾಕಿಕೊಂಡು ಇಬ್ಬರನ್ನೂ ಆಟೋದಲ್ಲಿ ಕೂರಿಸಿ ಗದಗಿನ ಮಾರ್ಕೆಟ್ ಯಾರ್ಡಿಗೆ ಹೋದೆ.

ಅಲ್ಲಿ ಉಳ್ಳಾಗಡ್ಡಿ ಇಳಿಸಿದ ಒಂದು ಟ್ರ್ಯಾಕ್ಟರ್ ನಿಂತಿತ್ತು. ಡ್ರೈವರ್ ಗಾಲಿಯ ನೆರಳಲ್ಲಿ ರೊಟ್ಟಿ ತಿನ್ನುತ್ತಿದ್ದ. "ಹಾಕ್ರಿ, ಹಾಕ್ರಿ, ಆ ಪದ ನಂಗ ಬಾಯಿಪಾಠ ಐತಿ" ಎಂದ. ಹಾಕಿದೆವು. ಬಾವಿ, ಹಗ್ಗ, ತಳದ ನೀರು ಎಲ್ಲ ಖಡಕ್ಕಾಗಿ ಬಂತು. ಆಮೇಲೆ ದಪ್ಪು. ದಪ್ಪು, ದಪ್ಪು, ಬರೀ ದಪ್ಪು. ಅದರ ಹಿಂದೆ ಬಹಳ ದೂರದಲ್ಲಿ ಯಾರೋ ಗೊಣಗಿದಂತೆ ಒಂದು ಸದ್ದು, ಮಾತು ತಿಳಿಯದು. ಅದಾದ ಮೇಲೆ ಗಂಡಸರ ಮೇಳದ "ಹೋಯ್!" ಎಂಬ ಕೇಕೆ.

ಡ್ರೈವರ್ ರೊಟ್ಟಿ ಹಿಡಿದ ಕೈಯನ್ನೇ ಬೀಸಿದ. "ಕೇಳಿದ್ರಿಲ್ಲ? ಇಲ್ಲೇ ಆಕಿದು ಬಾಯಿ ಕಟ್ಟೋದು. ಹೊಳಿ ಕಡಿಯಾಕಿ ಅಂತ, ಪಾಪ."

"ಆ ಪಾಪದಾಕಿ ನಾನ ನೋಡಪಾ," ಎಂದಳು ಆಕೆ.

ಆತ ರೊಟ್ಟಿ ಕೆಳಗಿಟ್ಟು ಎದ್ದು ನಿಂತ. ನಾನು ಟ್ರ್ಯಾಕ್ಟರ್ ಏರಿ ಪ್ಲೇಯರಿನ ಹಿಂದೆ ಕೈಹಾಕಿದೆ. ಸ್ಪೀಕರಿಗೆ ಎರಡು ಜೋಡಿ ತಂತಿ ಬಂದಿದ್ದವು, ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ. ಎಡದ ಜೋಡಿ ಮಡ್‌ಗಾರ್ಡಿನ ಮೇಲಿನ ಬಾಕ್ಸಿಗೆ ಹೋಗಿತ್ತು. ಬಲದ ಜೋಡಿಗೆ ಕಪ್ಪು ಟೇಪು ಸುತ್ತಿ ಒಳಗೆ ತಳ್ಳಿದ್ದರು.

"ಇದನ್ನ ಯಾಕ ಬಿಟ್ಟೀರಿ?"

"ಬಲಗಡಿ ಹೈಡ್ರಾಲಿಕ್ ಹ್ಯಾಂಡಲ್ ಬರತೈತ್ರಿ, ಬಾಕ್ಸ್ ಕುಂಡ್ರಂಗಿಲ್ಲ. ಎಲ್ಲಾರೂ ಎಡಕ್ಕ ಹಾಕ್ಸೋದು. ಟ್ರ್ಯಾಕ್ಟರಿಗೆ ಎರಡ ಬಾಕ್ಸ್ ಯಾಕ ಬೇಕ್ರಿ, ಮದವಿ ಮಾಡತೀವೇನು?"

ಅಲ್ಲಿಗೆ ಎಲ್ಲ ತಿಳಿಯಿತು. ಧ್ವನಿಮುದ್ರಣದವರು ಗಂಡಿನ ಮೇಳವನ್ನು ಎಡದ ಮೈಕಿಗೆ, ಹೆಣ್ಣಿನ ಮೇಳವನ್ನು ಬಲದ ಮೈಕಿಗೆ ನಿಲ್ಲಿಸಿದ್ದರು. ದಪ್ಪಿನವನು ನಡುವೆ. ನಮ್ಮ ಜಿಲ್ಲೆಯ ಟ್ರ್ಯಾಕ್ಟರುಗಳೆಲ್ಲ ಎಡಗಿವಿಯಲ್ಲಿ ಕೇಳುತ್ತಿದ್ದವು. ಸಿನಿಮಾ ಹಾಡಿಗೆ ಇದರಿಂದ ತೊಂದರೆಯಿಲ್ಲ, ಅಲ್ಲಿ ಹಾಡುವವರ ದನಿ ಎರಡೂ ಕಡೆ ಇರುತ್ತದೆ. ಅರ್ಧ ಜಗಳ ಅತ್ತ, ಅರ್ಧ ಇತ್ತ ಇರುವ ಪದಕ್ಕೆ ಮಾತ್ರ ಈ ಗತಿ. ಆಕೆಗೆ ಹೇಳಿದೆ: "ಅಕ್ಕಾರ, ನಿಮ್ಮ ಜವಾಬ ಎಲ್ಲೂ ಹೋಗಿಲ್ಲ. ಈ ಟೇಪು ಸುತ್ತಿದ ತಂತ್ಯಾಗ ಕುಂತೈತಿ."

ಅಲ್ಲಿಂದ ನೆಟ್ಟಗೆ ಧ್ವನಿಮುದ್ರಣದವರ ಕೋಣೆಗೆ ಹೋದೆವು. ಬುದ್ಧಿವಂತರು, ಕೆಲಸ ಬಲ್ಲವರು, ಅಷ್ಟೇ ಅಭಿಮಾನಿ. ನಾನು ಮೋನೋ ಎಂದ ಕೂಡಲೇ ಅವರ ಮುಖ ಕೆಂಪಾಯಿತು.

"ಭಾಯಿ, ಕಣ್ಣು ಮುಚ್ಚಿ ಕೇಳಿದ್ರ ಎದರಾ ಎದರ ನಿಂತು ಜಗಳಾಡೋದು ಕಾಣಬೇಕು, ಹಂಗ ಮಾಡೇನಿ ನಾನು. ನೀ ಇಬ್ಬರನ್ನೂ ಒಂದ ಗೋಣಿಚೀಲದಾಗ ಹಾಕಿ ಬಾಯಿ ಹೊಲಿ ಅಂತೀಯಲ್ಲೋ."

"ಸರ, ಖರೆ ಐತಿ. ಆದ್ರ ನಿಮ್ಮ ಜಗಳ ಕಾಣಾಕ ಎರಡು ಕಣ್ಣು ಬೇಕು. ಟ್ರ್ಯಾಕ್ಟರಿಗೆ ಇರೋದು ಒಂದ."

"ಹಂಗಾದ್ರ ಟ್ರ್ಯಾಕ್ಟರಿಗೆ ಇನ್ನೊಂದು ಬಾಕ್ಸ್ ಹಾಕ್ಸು ಅನ್ನು."

"ಇಡೀ ಜಿಲ್ಲಾದ ಟ್ರ್ಯಾಕ್ಟರಿಗೆ ನೀವ ಕೊಡಸ್ತೀರೇನ್ರಿ?"

ಚೌಕಾಸಿಯಲ್ಲಿ ಬೇಕಾದ್ದನ್ನು ಮೊದಲೇ ಕೇಳಬಾರದು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಕೇಳಬೇಕು. ನಾನು ಸ್ಟೀರಿಯೋವನ್ನು ಪೂರ್ತಿ ನಿಲ್ಲಿಸಿಬಿಡೋಣ ಎಂದೆ. ಅವರು ಕೂಗಾಡಿದರು. ಕೂಗಾಡಲು ಬಿಟ್ಟೆ. ಚಹಾ ಬಂತು, ಕುಡಿದರು. ಆಗ ಮೆಲ್ಲಗೆ, ಮನೆಯಲ್ಲಿ ಕೇಳುವವರಿಗೆ ಸ್ಟೀರಿಯೋ ಇರಲಿ, ಟ್ರ್ಯಾಕ್ಟರಿಗೂ ಚಿಪ್ಪಿಗೂ ಒಂದು ಮೋನೋ ಇರಲಿ ಎಂದೆ. ತಾವೇ ಗೆದ್ದೆವೆಂದುಕೊಂಡು ಒಪ್ಪಿದರು. ಚೀಟಿಯ ಮೇಲೆ ಮೋನೋ ಎಂದು ಬರೆಯಬಾರದು, ಮರ್ಯಾದೆ ಹೋಗುತ್ತದೆ ಎಂದರು. ಅದಕ್ಕೂ ದಾರಿಯಿತ್ತು. 'ಎರಡೂ ಮೇಳ ಪೂರ್ತಿ' ಎಂದು ಬರೆಯೋಣ ಎಂದೆ. ಅದರಲ್ಲಿ ಸುಳ್ಳೂ ಇಲ್ಲ, ಮಾರಾಟವೂ ಇದೆ.

ಆದರೆ ಎಡ ಬಲ ಎರಡನ್ನೂ ಕೂಡಿಸಿ ಮೋನೋ ಮಾಡಿ ಕೇಳಿದರೆ ದಪ್ಪಿನ ಸದ್ದು ಇದ್ದೂ ಇಲ್ಲದಂತೆ. ಸವಾಲಿದೆ, ಜವಾಬಿದೆ, ನಡುವಿನ ದಪ್ಪು ಮಾತ್ರ ಯಾರೋ ಹಾಸಿಗೆಗೆ ಬಡಿದಂತೆ.

"ನೋಡು, ನಾ ಏನ ಹೇಳಿದ್ದೆ? ಮೋನೋ ಅಂದ್ರ ಹಿಂಗ," ಎಂದು ಅವರು ಕುರ್ಚಿಗೆ ಒರಗಿದರು. ಒರಗಿದವರು ಒಂದು ಕ್ಷಣಕ್ಕೆ ಮತ್ತೆ ನೆಟ್ಟಗೆ ಕೂತರು, ಮೂಲೆಯಲ್ಲಿದ್ದ ಬಲದ ಮೈಕಿನ ಪಿನ್ನು ಬಿಚ್ಚಿ ನೋಡಿದರು, ಹಣೆ ಬಡಿದುಕೊಂಡರು. ಆ ಮೈಕಿನ ತಂತಿ ಹಿಂದೊಮ್ಮೆ ಕಿತ್ತುಹೋಗಿ ಮತ್ತೆ ಬೆಸುಗೆ ಹಾಕುವಾಗ ಎರಡು ಎಳೆ ಅದಲುಬದಲಾಗಿದ್ದವು. 'ದಪ್ಪಿನ ಸದ್ದು ಎಡಗಡೆ ಮುಂದಕ್ಕೆ ತಳ್ಳಿದರೆ ಬಲಗಡೆ ಹಿಂದಕ್ಕೆ ಎಳೀತಿತ್ತು' ಎಂದು ಅವರೇ ನಮಗೆ ಬಿಡಿಸಿ ಹೇಳಿದರು. ಬೇರೆ ಬೇರೆ ಬಾಕ್ಸಿನಲ್ಲಿ ಇದು ಗೊತ್ತಾಗುವುದಿಲ್ಲ, ಕೂಡಿಸಿದಾಗ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಕಂಪ್ಯೂಟರಿನಲ್ಲಿ ಬಲದ ಕಡೆಯನ್ನು ತಿರುವುಮುರುವು ಮಾಡಿ ಮತ್ತೆ ಕೂಡಿಸಿದರು. ದಪ್ಪು ಧಿಮ್ಮೆಂದು ಎದ್ದಿತು. ಈ ಕೆಲಸ ಮಾಡುವವರಿಗೆ ಹೇಳುತ್ತೇನೆ: ಮೋನೋ ಮಾಡಿದ ಮೇಲೆ ಒಮ್ಮೆ ಪೂರ್ತಿ ಕೇಳದೆ ಯಾರ ಕೈಗೂ ಕೊಡಬೇಡಿ. ಎರಡು ಕಡೆ ಸರಿ ಇದ್ದದ್ದು ಕೂಡಿದಾಗಲೂ ಸರಿ ಇರುತ್ತದೆಂಬ ಭರವಸೆಯಿಲ್ಲ.

ಇಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದ ಆಕೆ ಪೂರ್ತಿ ಕೇಳಿದಳು. ಅಂತೂರಿನವನ ಕಂಠ ದೊಡ್ಡದು, ಇವಳದು ಒಂದು ತೂಕ ಕಡಿಮೆ. ನಾನು, "ಅಕ್ಕಾರ, ನಿಮ್ಮ ದನಿ ಒಂಚೂರು ಏರಿಸೋಣೇನ್ರಿ? ಯಾರಿಗೂ ಗೊತ್ತಾಗಂಗಿಲ್ಲ" ಎಂದೆ.

"ನನಗ ಗೊತ್ತಾಗತೈತಲ್ಲ," ಎಂದಳು. "ಬ್ಯಾಡ. ಅಂವ ಎಷ್ಟು ಒದರ್ಯಾನೋ ಅಷ್ಟಿರ್ಲಿ, ನಾ ಎಷ್ಟು ಹಾಡೇನೋ ಅಷ್ಟಿರ್ಲಿ. ಜವಾಬ ಕೇಳಿದ್ರ ಸಾಕು."

ನನಗೆ ಆಗ ಅದು ಬುದ್ಧಿವಂತಿಕೆ ಅನ್ನಿಸಲಿಲ್ಲ. ವ್ಯಾಪಾರದಲ್ಲಿ ಸಿಕ್ಕ ಲಾಭ ಬಿಡಬಾರದು ಎನ್ನುವವನು ನಾನು. ಆದರೆ ಹಾಡು ಆಕೆಯದು.

ಅಮಾವಾಸ್ಯೆಗೆ ಮೊದಲೇ ಆಕೆಯ ಜೊತೆ ಆ ಊರಿಗೆ ಹೋದೆ. ಗೌಡರು ಚಾವಡಿಯ ಕಟ್ಟೆಯ ಮೇಲೆ ನಾಲ್ಕಾರು ಹಿರಿಯರ ಜೊತೆ ಕೂತಿದ್ದರು, ಪಕ್ಕದಲ್ಲಿಯೇ ಅವರ ಟ್ರ್ಯಾಕ್ಟರ್. ನಾನು ಬಂದ ಕಾರಣ ಹೇಳಿ ಹೊಸ ಪೆನ್‌ಡ್ರೈವ್ ಹಾಕಿದೆ. ಸವಾಲು ಬಂತು, ದಪ್ಪು ಬಂತು, ಹೊಳಿ ದಂಡಿಯ ಜವಾಬು ಬಂತು. 'ಎತ್ತ ಕಟ್ಟಲ್ಲ' ಎಂದಾಗ ಒಬ್ಬ ಮುದುಕ ಕಟ್ಟೆಗೆ ಕೈ ಬಡಿದು ನಕ್ಕ. ಕೆಲಸವಾಯಿತು ಎಂದುಕೊಂಡೆ.

ಗೌಡರು ನಗಲಿಲ್ಲ. "ಸಾಬ್ರ, ನಿಮ್ಮ ಅಪ್ಪ ನಮ್ಮನಿ ಭಾಂಡೆಕ್ಕ ಕಲಾಯಿ ಹಾಕಿದೋರು. ಹಳೇ ಭಾಂಡೆ ಹೊಸಾದು ಕಾಣೋಹಂಗ ಮಾಡೋದು ನಿಮ್ಮ ಮನಿತನದ ವಿದ್ಯಾ. ಈ ಜವಾಬ ಮೊನ್ನಿ ಹಾಡಿಸಿ ಒಳಗ ಕೂಡಿಸೀರಿ ಹೌದಲ್ಲ?"

ಆಕೆ ಸೆರಗು ಬಿಗಿಹಿಡಿದು ನನ್ನ ಮುಖ ನೋಡಿದಳು. ನಿಜ ಹೇಳಬೇಕೆಂದರೆ ಗೌಡರ ಸಂಶಯ ಸುಳ್ಳಲ್ಲ. ಸೋತವರು ಮನೆಗೆ ಹೋಗಿ ಜವಾಬು ಹೊಳೆಸಿಕೊಂಡು ಬಂದು ಸೇರಿಸಿದರೆ ಯಾರು ಬೇಡ ಎಂದಾರು? ನಾನಿದ್ದರೂ ಇದೇ ಕೇಳುತ್ತಿದ್ದೆ. ಇಂಥ ಹೊತ್ತಿನಲ್ಲಿ ಆಣೆ ಪ್ರಮಾಣ ಮಾಡಬಾರದು. ಆಣೆ ಮಾಡಿದಷ್ಟೂ ಸಂಶಯ ದಪ್ಪವಾಗುತ್ತದೆ. ಎದುರಿನವರ ಸಾಮಾನನ್ನೇ ಸಾಕ್ಷಿಗೆ ಕರೆಯಬೇಕು.

"ಗೌಡ್ರ, ನನ್ನ ಪೆನ್‌ಡ್ರೈವ್ ನನ್ನ ಕಿಸೇದಾಗ ಇಟಗೊಂಡೆ ನೋಡ್ರಿ. ನೀವು ಮೊದಲಿಂದ ಹಾಕ್ತಿದ್ದ ನಿಮ್ಮ ಹಳೇದು ಎಲ್ಲೈತಿ?"

ಅದು ಪ್ಲೇಯರಿನ ಪಕ್ಕದ ಡಬ್ಬಿಯಲ್ಲಿಯೇ ಇತ್ತು. ಗೌಡರ ಕೈಯಿಂದಲೇ ಹಾಕಿಸಿದೆ. ಎಂದಿನಂತೆ ಸವಾಲು, ಆಮೇಲೆ ಬರೀ ದಪ್ಪು, ಗೊಣಗು, ಕೇಕೆ. ನಿಲ್ಲಿಸಿ, ಗಾಡಿಯ ಸ್ಕ್ರೂಡ್ರೈವರ್ ಕೇಳಿ ತೆಗೆದುಕೊಂಡೆ. ಒಳಗೆ ತಳ್ಳಿದ್ದ ಬಲದ ಜೋಡಿಯನ್ನು ಎಲ್ಲರ ಕಣ್ಣೆದುರು ಹೊರಗೆಳೆದು ಟೇಪು ಬಿಚ್ಚಿದೆ. ಎಡದ ತಂತಿ ಕಳಚಿ ಬಾಕ್ಸಿಗೆ ಬಲದ ತಂತಿ ಕಟ್ಟಿದೆ. "ಈಗ ಮತ್ತ ಹಾಕ್ರಿ, ಅದ ಪದ."

ಹಾಕಿದರು. ಈ ಸಲ ಬಾವಿಯೂ ಇಲ್ಲ, ಹಗ್ಗವೂ ಇಲ್ಲ. ದೂರದಲ್ಲಿ ಗಂಡಸೊಬ್ಬ ಕಂಬಳಿ ಹೊದ್ದು ಗೊಣಗಿದಂತೆ ಸದ್ದು, ದಪ್ಪು, ಮತ್ತು ಅದರ ಮೇಲೆ ಏರಿ ಬಂದ ಹೆಣ್ಣಿನ ದನಿ: ಹೊಳಿ ದಂಡಿಯಾಕಿ ನಾನು, ಹಗ್ಗದ ಹಂಗ ನನಗಿಲ್ಲ.

ಕಟ್ಟೆಯ ಮುದುಕ ಎದ್ದೇ ನಿಂತ. "ಏ ಗೌಡಾ, ಈಗ ಅಂತೂರಿನಂವನ ಬಾಯಿ ಕಟ್ಟಿತಲ್ಲೋ! ಅವನ ವೀಳ್ಯ ತಿರುಗಿ ಇಸಗೋ!"

ಎಲ್ಲರೂ ಹೋ ಎಂದು ನಕ್ಕರು. ಆಕೆ ಮುಂದೆ ಬಂದಳು. "ಹಂಗ ಅನಬ್ಯಾಡ್ರಿ ಅಜ್ಜಾರ. ಅಂವನೂ ಹಾಡ್ಯಾನ. ಸವಾಲು ಚಲೋನ ಹಾಕ್ಯಾನ. ನಿಮ್ಮ ಗಾಡಿ ಒಬ್ಬರ ಮಾತ ಕೇಳತೈತಿ, ನಾವೇನ ಮಾಡೋಣು?"

ಗೌಡರು ಹೊಸ ಪೆನ್‌ಡ್ರೈವ್ ಕೇಳಿ ಇಸಿದುಕೊಂಡು ಮತ್ತೊಮ್ಮೆ ಹಾಕಿ ಕಿವಿಗೊಟ್ಟು ಕೇಳಿದರು. "ಇದರಾಗೂ ಅವನ ದನಿನ ಜೋರೈತಿ. ಆಮ್ಯಾಲ ಕೂಡಿಸಿದ್ದರ ನೀವು ಈಕಿದನ್ನ ಏರಿಸ್ತಿದ್ರಿ," ಎಂದು ನನ್ನ ಕಡೆ ನೋಡಿದರು. ನಾನು ಆಕೆಯ ಕಡೆ ನೋಡಿದೆ. ಆಕೆ ಎತ್ತಲೋ ನೋಡುತ್ತಿದ್ದಳು.

ಒಬ್ಬರು, "ಎರಡೂ ತಂತಿ ಕೂಡಿಸಿ ಒಂದ ಬಾಕ್ಸಿಗೆ ಕಟ್ಟಿಬಿಡ್ರಿ ಸಾಬ್ರ, ತಂಟೇನ ಬ್ಯಾಡ" ಎಂದರು. ಇದನ್ನು ಓದುವವರಲ್ಲಿಯೂ ಯಾರಾದರೂ ಹಾಗೆ ಮಾಡಲು ಹೊರಟರೆ ಈಗಲೇ ಹೇಳಿಬಿಡುತ್ತೇನೆ: ಮಾಡಬೇಡಿ. ಪ್ಲೇಯರ್ ಸುಡುತ್ತದೆ. ಎಡ ಬಲವನ್ನು ಕೂಡಿಸಬೇಕಾದದ್ದು ಹಾಡನ್ನು ಹಿಂಡುವಾಗ, ಕಂಪ್ಯೂಟರಿನಲ್ಲಿ. ಒಂದೇ ಬಾಕ್ಸಿನವರಿಗೆ ಮೋನೋ ಮಾಡಿಕೊಡುವುದೆಂದರೆ ಅವರಿಗೆ ಕಡಿಮೆ ಕೊಟ್ಟಂತಲ್ಲ, ಪೂರ್ತಿ ಕೊಟ್ಟಂತೆ.

ಗೌಡರು ಒಳಗೆ ಹೇಳಿ ಕಳಿಸಿ ತಟ್ಟೆ ತರಿಸಿದರು. ಎಲೆ, ಅಡಿಕೆ, ಕಾಯಿ. ಆಕೆ ತಟ್ಟೆಗೆ ಕೈ ಚಾಚುವ ಮೊದಲು ಸೆರಗಿನಲ್ಲಿ ಕೈ ಒರೆಸಿಕೊಂಡಳು. ವೀಳ್ಯವನ್ನು ಕಣ್ಣಿಗೆ ಒತ್ತಿಕೊಂಡು ಮಡಿಲಿಗೆ ಹಾಕಿಕೊಂಡಳು. ವಾಪಸ್ಸು ಬರುವಾಗ ಬಸ್ಸು ಶಿರಹಟ್ಟಿ ದಾಟಿತು. ಆಮೇಲೆ ಒಮ್ಮೆಲೇ, "ಏರಿಸಿದ್ದರ ಸಿಕ್ಕಿ ಬೀಳತಿದ್ವಿ ಹೌದಿಲ್ಲೋ?" ಎಂದಳು. ಹೌದೆಂದೆ. "ಯಾಪಾರಸ್ಥ ಆಗಾಕ ನೀ ಇನ್ನೂ ಕಲೀಬೇಕು ತಮ್ಮಾ" ಎಂದು ನಕ್ಕಳು. ಇಷ್ಟು ಜನಕ್ಕೆ ಬುದ್ಧಿ ಹೇಳಿದವನು ನಾನು, ಅವತ್ತು ಬುದ್ಧಿ ಹೇಳಿಸಿಕೊಂಡೆ.

ಮುಂದಿನ ವಾರ ಅಂತೂರಿನ ಹಾಡುಗಾರ ಅಂಗಡಿಗೆ ಬಂದ. "ಏನಪಾ, ಪುಕ್ಕಟೆ ಗೆದ್ದಿದ್ದೆ ನಾನು. ಅದನ್ನೂ ಕಸಗೊಂಡಿ," ಎಂದು ಸ್ಟೂಲಿನ ಮೇಲೆ ಕೂತು, "ಇರ್ಲಿ, ಆ ಹೊಸಾದು ನನ್ನ ಚಿಪ್ಪಿಗೂ ಹಾಕು. ಅವತ್ತು ನಮ್ಮವರ ಗದ್ದಲದಾಗ ಆಕಿ ಜವಾಬ ನಾನೂ ಸರಿಯಾಗಿ ಕೇಳಿಲ್ಲ, ಹೋಳಿ ಹುಣ್ಣಿಮಿಗೆ ತಯಾರಾಗಬೇಕು" ಎಂದ. ತುಂಬುವಾಗ ಆತನ ಕಿವಿ ನೋಡಿದೆ. ಇಯರ್‌ಫೋನು ಎಡಗಿವಿಯಲ್ಲಿ ಮಾತ್ರ ಇತ್ತು.

ಹೋಳಿಯ ದಿನ ಧ್ವನಿಮುದ್ರಣದವರೂ ಆ ಊರಿಗೆ ಬಂದಿದ್ದರು. ಇಳಿಹೊತ್ತಿನಲ್ಲಿ ಎರಡು ಮೈಕು ತಂದು, ಒಂದನ್ನು ಗಂಡಸರ ಕಡೆ, ಒಂದನ್ನು ಹೆಂಗಸರ ಕಡೆ ನಿಲ್ಲಿಸಿ, ಈ ಸಲ ಬೆಸುಗೆ ನೋಡಿಕೊಂಡು ತಂದಿದ್ದೇನೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಕೆ ಅದನ್ನು ನೋಡುತ್ತಿದ್ದಳು. ದಪ್ಪಿಗೆ ಪೆಟ್ಟು ಬೀಳುವ ಮೊದಲು ಎದ್ದು ಬಂದು, ತನ್ನ ಕಡೆಯ ಮೈಕಿನ ಕಂಬವನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ ಅಂತೂರಿನವನ ಮೈಕಿಗೆ ತಾಗಿಸಿ ನಿಲ್ಲಿಸಿದಳು.

"ಅಕ್ಕಾರ, ಅದು ಹಂಗಲ್ರಿ..." ಎಂದು ಅವರು ಓಡಿಬಂದರು.

"ಇಲ್ಲೇ ಇರ್ಲಿ ಬಿಡ್ರಿ ಸರ," ಎಂದಳು ಆಕೆ. "ಜಗಳಾ ಹತ್ತಿರ ನಿಂತ ಆಡಬೇಕು."